ಮಾಸು ಬೀಳದ ಮಳೆಗಾಲ

ಇವತ್ತು ನಲ್ಲಿಯಲ್ಲಿ ನೀರು ಬರುವ ದಿನ. ಬೇಗ ಎದ್ದು, ಸಂಪಿನ ಮುಚ್ಚಳ ಸರಿಸಿ, ಪೈಪು ಇಳಿಬಿಟ್ಟು, ಅದು ಜಾರದ ಹಾಗೆ ಮೇಲೊಂದು ಕಲ್ಲಿಟ್ಟು, ಹಾಲಿನ ಪ್ಯಾಕೆಟ್ಟು ಒಳಗೆ ತಂದೆ. ಮಾನ್ಯಳಿಗೆ ಎರಡು ಜಡೆ ಹಾಕಿದೆ. ನಾನು ಎಷ್ಟೇ ಅಳತೆ ಮಾಡಿದರೂ ಒಂದು ಕಡೆಯ ರಿಬ್ಬನ್ ಗಿಡ್ಡವಾಗುತ್ತದೆ, ಅವಳು ಮುಖ ಊದಿಸಿಕೊಂಡೇ ಶೂ ಹಾಕಿಕೊಳ್ಳುತ್ತಾಳೆ. ಯುಕೆಜಿಯ ನಿಶಾಂತನ ಡಬ್ಬಿಗೆ ಚಿತ್ರಾನ್ನ, ಇವರ ಡಬ್ಬಿಗೂ ಅದೇ. ಸ್ಕೂಲ್ ವ್ಯಾನು ಬಂದು ಹೋಯಿತು. ಇವರು ಹೆಲ್ಮೆಟ್ ಮರೆತು ಬೀದಿಯ ತುದಿಯಿಂದ ವಾಪಸು ಬಂದು ತೆಗೆದುಕೊಂಡು ಹೋದರು. ಆಮೇಲೆ ಗೇಟಿನ ಪಕ್ಕದ ತುಳಸಿಗೆ ನೀರು ಹಾಕುತ್ತಿದ್ದಾಗ ಎದುರು ಮನೆಯಿಂದ ವಾಸನೆ ಬಂತು. ಮೊದಲು ತುಪ್ಪದಲ್ಲಿ ಬೆಳ್ಳುಳ್ಳಿ ಕೆಂಪಗಾಗುವ ವಾಸನೆ, ಅದರ ಬೆನ್ನಿಗೇ ಸಾಂಬ್ರಾಣಿ ಹೊಗೆ.

ಎದುರು ಮನೆಯ ಗಿರಿಜಕ್ಕನ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಾಳೆ. ಹೋದ ವಾರ ಹೆಣ್ಣು ಮಗುವಾಯಿತು. ಬಾಣಂತಿ ಇರುವ ಮನೆಯ ವಾಸನೆ ಯಾರಿಗಾದರೂ ಹಿತವೇ. ನಾನು ಮಾತ್ರ ಚೊಂಬು ಕೆಳಗಿಟ್ಟು ಗೇಟಿನ ಸರಳು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಲ್ಲಬೇಕಾಯಿತು. ನಿಶಾಂತ ಹುಟ್ಟಿದ ಮಳೆಗಾಲವೆಲ್ಲ ನಮ್ಮ ಮನೆಯಲ್ಲಿ ಇದೇ ವಾಸನೆಯಿತ್ತು.

ಅದು ಕಡಬದ ಕೆರೆ ಕೋಡಿ ಬಿದ್ದ ವರ್ಷ. ಕಡಬ ಇವರ ಊರು, ಗುಬ್ಬಿ ತಾಲ್ಲೂಕು. ಅಷ್ಟು ದೊಡ್ಡ ಕೆರೆ ತುಂಬಿ ಹರಿಯುವುದೆಂದರೆ ಜನಕ್ಕೆ ಹಬ್ಬ. ನೆಂಟರೆಲ್ಲ ಕೋಡಿಯ ಮುಂದೆ ನಿಂತು ಫೋಟೋ ತೆಗೆದು ಕಳಿಸುತ್ತಿದ್ದರು. ನಾನು ಇಲ್ಲಿ ತುಮಕೂರಿನಲ್ಲಿ, ಸದಾಶಿವನಗರದ ಇದೇ ಮನೆಯ ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿ ಫೋನಿನಲ್ಲಿ ಅವನ್ನು ನೋಡುತ್ತಿದ್ದೆ. ಕಟ್ಟೆ ದಾಟಿದ ನೀರು ಬೆಳ್ಳಗೆ ಧುಮುಕುವುದನ್ನು ನೋಡಲಾಗದೆ ಫೋನು ಮಗುಚಿಡುತ್ತಿದ್ದೆ. ಏಳಬಾರದು, ಬಗ್ಗಬಾರದು, ಮಾನ್ಯಳನ್ನು ಎತ್ತಿಕೊಳ್ಳಬಾರದು ಎಂದು ಡಾಕ್ಟರು ಹೇಳಿದ್ದರು. ಯಾವ ಗಳಿಗೆಯಲ್ಲಾದರೂ ರಕ್ತ ಹೋಗಬಹುದು ಎಂದಿದ್ದರು.

ಐದನೇ ತಿಂಗಳ ಸ್ಕ್ಯಾನಿನಲ್ಲಿ ಗೊತ್ತಾದದ್ದು. ಮಾನ್ಯ ಹುಟ್ಟಿದಾಗ ಸಿಸೇರಿಯನ್ ಆಗಿತ್ತು. ಈ ಸಲ ಮಗುವಿಗೆ ಊಟ ಉಣಿಸುವ ಮಾಸು ಸರಿಯಾಗಿ ಆ ಹಳೆಯ ಹೊಲಿಗೆಯ ಮೇಲೆಯೇ ಕೂತು, ಗರ್ಭಕೋಶದ ಗೋಡೆಯೊಳಕ್ಕೆ ಬೇರು ಬಿಟ್ಟಿತ್ತು. ನಮ್ಮ ಡಾಕ್ಟರಮ್ಮ ಮೃದುವಾಗಿ ಮಾತಾಡುವವರು. ಮಾತಾಡುವಾಗ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದರು.

"ಮನೇಲಿ ದೋಸೆ ಹೆಂಚಿಗೆ ಹಿಡ್ಕೊಂಡ್ರೆ ಏನ್ಮಾಡ್ತೀರಾ? ಕೆರೀತೀರಾ. ಇಲ್ಲಿ ಕೆರೆಯೋ ಹಾಗಿಲ್ಲ. ಕೆರೆದ್ರೆ ಹೆಂಚೇ ತೂತು. ರಕ್ತ ನಿಲ್ಲಲ್ಲ. ಅದಕ್ಕೆ ಸಾಮಾನ್ಯವಾಗಿ ಮಗು ತೆಗೆದು, ಮಾಸಿನ ಸಮೇತ ಗರ್ಭಕೋಶಾನೂ ತೆಗೆದುಬಿಡ್ತೀವಿ."

"ಉಳಿಸಕ್ಕೆ ಆಗಲ್ವಾ ಡಾಕ್ಟ್ರೇ?"

ಪೆನ್ನಿನ ಮುಚ್ಚಳ ನಿಂತಿತು. "ಕೆಲವರಲ್ಲಿ ಆಗುತ್ತೆ. ಅಂಟಿರೋ ಭಾಗ ಮಾತ್ರ ಕತ್ತರಿಸಿ ತೆಗೆದು ಗೋಡೆ ಹೊಲೀಬಹುದು. ಇಲ್ಲಾ, ಮಾಸು ಒಳಗೇ ಬಿಟ್ಟು ಅದಾಗದೇ ಒಣಗಲಿ ಅಂತ ಕಾಯಬಹುದು. ಎರಡರಲ್ಲೂ ಜೀವಕ್ಕೆ ಅಪಾಯ ಇದೆ. ಮುಚ್ಚಿಟ್ಟು ಹೇಳಲ್ಲ ನಾನು. ಇನ್ನೊಂದು ಮಗು ಬೇಕಾ ನಿಮಗೆ?"

"ಇಲ್ಲ."

"ಮತ್ತೆ?"

ಪಕ್ಕದಲ್ಲಿ ಕೂತಿದ್ದ ಇವರು ನನ್ನನ್ನೇ ನೋಡುತ್ತಿದ್ದರು. ಆಟೋದಲ್ಲಿ ಬರುವಾಗ ಮಳೆ. ಟಾರ್ಪಾಲಿನ ಸಂದಿಯಿಂದ ನೀರು ಇವರ ಪ್ಯಾಂಟಿನ ಮೇಲೆ ಬೀಳುತ್ತಿದ್ದರೂ ಕಾಲು ಸರಿಸಲಿಲ್ಲ. "ಮಾನ್ಯ ಇದಾಳೆ, ಇದೊಂದು ಬರ್ತಾ ಇದೆ. ಮಕ್ಕಳಿಗಿಂತ ಹೆಚ್ಚಾಯ್ತಾ ನಿಂಗೆ ಅದು? ಉಪಯೋಗವೇ ಇಲ್ದೇ ಇರೋದಕ್ಕೆ ಸಾಯಕ್ಕೆ ಹೊರಟಿದೀಯಲ್ಲ" ಎಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ಇನ್ನಷ್ಟು ಅಳು ಬಂತು.

ಕಡಬದಿಂದ ಅತ್ತೆ ಫೋನಿನಲ್ಲಿ ನಕ್ಕುಬಿಟ್ಟರು. "ಆ ಚೀಲ ಇಟ್ಕಂಡು ಏನ್ ರಾಗಿ ತುಂಬ್ತೀಯವ್ವ? ತೆಗ್ಸಾಕು ಬುಡು. ನಮ್ ಕೇರೀಲಿ ಯಾರ್ದೈತೆ ಹೇಳು? ನಂದು ಓಯ್ತು, ನಿಮ್ ಚಿಕ್ಕತ್ತೆದು ಓಯ್ತು. ನಾವೇನ್ ಕಳೆ ಕೀಳಕ್ ಓಗಲ್ವಾ? ಕಾಯಿ ಸುಲಿಯಲ್ವಾ?"

ಅತ್ತೆಯ ಮಟ್ಟಿಗೆ ಅದು ನಿಜ. ಕುಣಿಗಲ್ಲಿನಲ್ಲಿರುವ ನನ್ನ ಅಮ್ಮನ ಕಥೆ ಬೇರೆ. ಅಮ್ಮನಿಗೆ ಮೂವತ್ತು ದಾಟಿತ್ತಷ್ಟೆ. ನಾನು ತುಮಕೂರಿನ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದೆ. ಕ್ರಿಸ್ಮಸ್ ರಜೆಗೆ ಊರಿಗೆ ಹೋದರೆ, ಧನುರ್ಮಾಸದ ಚಳಿಯಲ್ಲಿ ಅಮ್ಮ ಹಿತ್ತಲಿನಲ್ಲಿ ಕೂತು ತಲೆಯ ಮೇಲೆ ತಣ್ಣೀರು ಸುರಿದುಕೊಳ್ಳುತ್ತಿದ್ದಳು. ಮೈಯೆಲ್ಲ ಉರಿ ಎನ್ನುವಳು. ರಗ್ಗು ಒದ್ದು ಬರಿ ನೆಲದ ಮೇಲೆ ಮಲಗುವಳು. ಹೊಟ್ಟೆನೋವೆಂದು ಹೋದವಳಿಗೆ ಯಾವುದೋ ನರ್ಸಿಂಗ್ ಹೋಮಿನಲ್ಲಿ ಎಲ್ಲವನ್ನೂ ತೆಗೆದು ಕಳಿಸಿದ್ದರು. ಡಾಕ್ಟರು ಹೇಳಿದರು, ಅಪ್ಪ ಹೂಂ ಎಂದರು. ಮೊದಲೆಲ್ಲ ಒಲೆಯ ಮುಂದೆ ಹಾಡು ಗುನುಗುತ್ತಿದ್ದವಳು ಆಮೇಲೆ ಸೊಂಟ ಹಿಡಿದುಕೊಂಡೇ ಮುದ್ದೆ ತಿರುವಿದಳು. ನನಗೆ ಆಗ ಯಾರೂ ಏನೂ ಹೇಳಲಿಲ್ಲ. ರಜೆ ಮುಗಿಸಿ ಹಾಸ್ಟೆಲಿಗೆ ಬಂದು, ಪ್ರಾರ್ಥನೆಯಲ್ಲಿ ಏನು ಕೇಳಿಕೊಳ್ಳಬೇಕೆಂದು ತಿಳಿಯದೆ, ಅಮ್ಮನಿಗೆ ಚಳಿಯಾಗುವ ಹಾಗೆ ಮಾಡು ದೇವರೇ ಎಂದು ಕೇಳಿಕೊಳ್ಳುತ್ತಿದ್ದೆ.

ಇದನ್ನು ಡಾಕ್ಟರಮ್ಮನಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "ನಿಮ್ಮ ಅಮ್ಮಂಗೆ ಅಂಡಾಶಯಾನೂ ತೆಗೆದಿರ್ತಾರೆ. ನಾನು ಅದನ್ನ ಮುಟ್ಟಲ್ಲ. ನಿಮಗೆ ಹಾಗಾಗಲ್ಲ" ಎಂದರು. ಅರ್ಥವಾಯಿತು. ಆದರೆ ಅರ್ಥವಾದದ್ದು ತಲೆಗೆ ಮಾತ್ರ. ನನ್ನ ಮುಖ ನೋಡಿ ಅವರು ನಿಟ್ಟುಸಿರುಬಿಟ್ಟರು. "ಸರಿ, ಪ್ರಯತ್ನ ಮಾಡ್ತೀನಿ. ಆದ್ರೆ ಜೀವಕ್ಕೆ ಬಂತು ಅಂದ್ರೆ ನಿಮ್ಮನ್ನ ಎಬ್ಬಿಸಿ ಕೇಳಲ್ಲ."

ಎಂಟನೇ ತಿಂಗಳಿನಲ್ಲಿ, ಜಿಟಿಜಿಟಿ ಮಳೆ ಹಿಡಿದ ಒಂದು ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ಎಚ್ಚರವಾದಾಗ ಮೊದಲು ಕೈ ಹೊಟ್ಟೆಯ ಮೇಲೆ ಹೋಯಿತು. ಹೊಟ್ಟೆ ಹಾಗೆಯೇ ಇತ್ತು. ಆಪರೇಷನ್ ಇನ್ನೂ ಆಗಿಲ್ಲವೆಂದುಕೊಂಡೆ. ಡಾಕ್ಟರಮ್ಮ ಬಗ್ಗಿ ಹೇಳಿದರು: ಗಂಡು ಮಗು, ತೂಕ ಕಡಿಮೆ, ಗಾಜಿನ ಪೆಟ್ಟಿಗೆಯಲ್ಲಿದ್ದಾನೆ. ಗರ್ಭಕೋಶ ಇದೆ. ಮಾಸೂ ಅಲ್ಲೇ ಇದೆ. ಒಳಗೆ ತೆರೆದು ನೋಡಿದರೆ ಅದರ ಸುತ್ತ ರಕ್ತನಾಳಗಳು ಬಳ್ಳಿ ಹಬ್ಬಿದಂತೆ ಹಬ್ಬಿದ್ದವಂತೆ. ಆಗ ಕತ್ತರಿ ಹಾಕಿದ್ದರೆ ನಾನು ಮೇಜಿನಿಂದ ಏಳುತ್ತಿರಲಿಲ್ಲವಂತೆ. ಅದಕ್ಕೇ ಮೇಲ್ಭಾಗದಲ್ಲಿ ಬೇರೆ ಕಡೆ ಕೊಯ್ದು ಮಗುವನ್ನು ತೆಗೆದು, ಹೊಕ್ಕುಳಬಳ್ಳಿ ಕಟ್ಟಿ, ಮಾಸನ್ನು ಮುಟ್ಟದೆ ಮುಚ್ಚಿಬಿಟ್ಟಿದ್ದರು.

"ಈಗ ಏನು?"

"ಕಾಯೋದು. ರಕ್ತ ಹೋಗಬಾರದು, ಜ್ವರ ಬರಬಾರದು. ಬಂದ್ರೆ ತಕ್ಷಣ ಬನ್ನಿ. ಆಸ್ಪತ್ರೆಯಿಂದ ದೂರ ಎಲ್ಲೂ ಹೋಗ್ಬೇಡಿ."

ಮಗು ಗಾಜಿನ ಪೆಟ್ಟಿಗೆಯಿಂದ ಹೊರಗೆ ಬಂದ ಮೇಲೆ ಮನೆಗೆ ಬಂದೆವು. ಬಾಣಂತನ ತವರಿನಲ್ಲಾಗಬೇಕು, ಆದರೆ ಕುಣಿಗಲ್ಲಿಗೆ ಹೋಗುವ ಹಾಗಿರಲಿಲ್ಲ, ಅಮ್ಮನ ಸೊಂಟಕ್ಕೆ ಬಾಣಂತನ ಮಾಡುವ ಶಕ್ತಿಯೂ ಇರಲಿಲ್ಲ. ಅತ್ತೆಯೇ ಕಡಬದಿಂದ ಬಂದರು. ಬೆಳ್ಳುಳ್ಳಿ ಗೊಂಚಲು, ಮನೆಯ ತುಪ್ಪ, ಹಳೇ ಸೀರೆಯ ಮೆತ್ತನೆ ಬಟ್ಟೆಗಳು ಎಲ್ಲವನ್ನೂ ಹೊತ್ತು ತಂದಿದ್ದರು. ಮಗುವಿಗೆ ಎಣ್ಣೆ ಹಚ್ಚಿ, ಸಾಂಬ್ರಾಣಿ ಹಾಕಿ, ನನ್ನ ತಲೆ ಒಣಗಿಸಿ, ಒಂದು ಗಳಿಗೆ ಕೂರುತ್ತಿರಲಿಲ್ಲ. ಒಂದು ವಿಷಯದಲ್ಲಿ ಮಾತ್ರ ಹಟ ಹಿಡಿದರು. ಹೆಸರಿಡಲು ಬಿಡಲಿಲ್ಲ.

"ಪುರುಡಿನ ಮೈಲ್ಗೆ ಕಳೀದಲೆ ಹೆಸ್ರು ಇಡ್ತಾರಾ?"

"ಮಗು ಹುಟ್ಟಿ ಆಗ್ಲೇ ಎಷ್ಟು ದಿನ ಆಯ್ತಲ್ಲ ಅತ್ತೆ."

"ಹುಟ್ಟೈತೆ, ಹೆರಿಗೆ ಮುಗ್ದೈತಾ? ದನ ಈದು ಕಸ ಬೀಳ್ದಿದ್ರೆ ಈದಂಗೆ ಲೆಕ್ಕ ಅಲ್ಲ ಕಣವ್ವ. ಮಾಸು ಬೀಳ್ಳಿ, ಅವತ್ತಿಂದ ಎಣ್ಸಣ."

ಕಾನ್ವೆಂಟಿನಲ್ಲಿ ಓದಿದ ಸೊಸೆ, ಅದೂ ಇದೂ ವಾದ ಹೂಡಬಹುದಿತ್ತು. ಆದರೆ ಹೊಟ್ಟೆಯ ಮೇಲೆ ಕೈಯಿಟ್ಟರೆ ಆ ಗಟ್ಟಿ ಗುಂಡು ಕೈಗೇ ಸಿಗುತ್ತಿತ್ತು. ಮಗು ಪಕ್ಕದಲ್ಲಿ ಹಾಲು ಕುಡಿಯುತ್ತಿದ್ದಾನೆ, ಎಂಟು ತಿಂಗಳು ಅವನಿಗೆ ಊಟ ಕೊಟ್ಟದ್ದು ನನ್ನೊಳಗೆ ಇನ್ನೂ ಬೆಚ್ಚಗೆ ಕೂತಿದೆ. ಹೆರಿಗೆ ಮುಗಿದಿಲ್ಲವೆಂಬುದು ನನ್ನ ಮೈಗೂ ಅನ್ನಿಸುತ್ತಿತ್ತು. ಹಾಗಾಗಿ ಆ ಮಳೆಗಾಲವೆಲ್ಲ ಅವನು ಬರೀ 'ಪಾಪು'. ಮಾನ್ಯ ಮಾತ್ರ ದಿನಕ್ಕೊಂದು ಹೆಸರಿನಿಂದ ಕರೆಯುತ್ತಿದ್ದಳು. ಒಂದು ದಿನ ನಾಯಿಯ ಹೆಸರಿಟ್ಟು ಅತ್ತೆಯಿಂದ ಬೈಸಿಕೊಂಡಳು.

ವಾರ ವಾರ ರಕ್ತ ಪರೀಕ್ಷೆ, ಸ್ಕ್ಯಾನು. ಸ್ವಲ್ಪ ಕುಗ್ಗಿದೆ ಎಂದರೆ ಆ ದಿನ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದೆ. ಹಾಗೇ ಇದೆ ಎಂದರೆ ಆ ದಿನವೆಲ್ಲ ಥರ್ಮಾಮೀಟರು ಕಂಕುಳಲ್ಲೇ. ಒದ್ದೆ ಎನಿಸಿದರೆ ಸಾಕು, ಬಚ್ಚಲಿಗೆ ಓಡಿ ನೋಡುವುದು. ಕೆಂಪು ಬಣ್ಣದ ಬಟ್ಟೆಯನ್ನೆಲ್ಲ ಬೀರುವಿನ ಕೆಳಗಿನ ಅರೆಗೆ ತಳ್ಳಿದ್ದೆ. ಇವರು ಆಫೀಸಿನಿಂದ ಊಟದ ಹೊತ್ತಿಗೊಮ್ಮೆ ಫೋನು ಮಾಡಿ, "ಎಲ್ಲಾ ಸರಿ ಇದೆಯಾ?" ಎಂದಷ್ಟೇ ಕೇಳಿ ಇಡುತ್ತಿದ್ದರು. ಮಲಗಿದಾಗ ಮಗುವಿನ ಪುಟ್ಟ ಬೆರಳುಗಳನ್ನು ನೋಡುತ್ತ, ನಾನು ಮಾಡುತ್ತಿರುವುದು ಎಂಥ ಕೆಲಸ, ಇವುಗಳನ್ನು ಬಿಟ್ಟು ಹೋದರೆ ಯಾರು ಕ್ಷಮಿಸುತ್ತಾರೆ ಎಂದುಕೊಳ್ಳುತ್ತಿದ್ದೆ. ಆದರೂ ನಾಳೆ ತೆಗೆಸಿಬಿಡುತ್ತೇನೆ ಎಂಬ ಮಾತು ಬಾಯಿಗೆ ಬರಲಿಲ್ಲ.

ಗೌರಿ ಹಬ್ಬ ಕಳೆದಿತ್ತು. ಅತ್ತೆಯ ಅಣ್ಣನ ಮಗ ರಂಗ ಹಾಗಲವಾಡಿಯಿಂದ ಎಳನೀರು ತಂದ. ಅದರ ಜೊತೆ ಒಂದು ಸೊಪ್ಪಿನ ಕಟ್ಟೂ ಇತ್ತು. ಅಂದಿನಿಂದ ಬೆಳಿಗ್ಗೆ ಒಂದು ಹಸಿರು ಕಷಾಯ ಶುರುವಾಯಿತು. ಮೆಣಸು, ಬೆಲ್ಲ ಹಾಕಿದ್ದರೂ ಒಂಥರಾ ಹುಲ್ಲಿನ ವಾಸನೆ. ಜೀರ್ಣಕ್ಕೆ ಇರಬೇಕೆಂದು ಕುಡಿದೆ. ಒಂದು ಬೆಳಿಗ್ಗೆ ಸಿಂಕಿನ ಜಾಲರಿಯಲ್ಲಿ ಸಿಕ್ಕಿಕೊಂಡಿದ್ದ ಎಲೆ ನೋಡಿದೆ. ಕಿರಿದಾಗಿ, ಉದ್ದವಾಗಿ, ನರಗಳು ಬಾಚಣಿಗೆಯಲ್ಲಿ ಬಾಚಿದಂತೆ ಸಾಲಾಗಿದ್ದವು.

"ಅತ್ತೆ, ಇದು ಯಾವ ಸೊಪ್ಪು?"

"ಬಿದ್ರು ಸೊಪ್ಪು ಕಣವ್ವ" ಎಂದರು, ಮಗುವಿನ ಬಟ್ಟೆ ಹಿಂಡುತ್ತಲೇ. "ನಮ್ ಕೆಂಪಿ ಈದಾಗ ಕಸ ನಿಂತ್ಕಂಡಿತ್ತು. ಇದ್ನೇ ತಿನ್ಸಿದ್ದು. ಹೊತ್ ಮುಳುಗೋದ್ರೊಳಗೆ ಬಿತ್ತು. ಆ ಡಾಕ್ಟ್ರಮ್ಮ ಕಾಯಿ ಕಾಯಿ ಅಂತಾಳೆ, ಎಷ್ಟ್ ದಿನ ಕಾಯ್ತೀಯ ನೀನು?"

ನಗುವೂ ಬಂತು, ಹೆದರಿಕೆಯೂ ಆಯಿತು. ಇನ್ನು ಕುಡಿಯುವುದಿಲ್ಲ ಎಂದೆ. ಅವರಿಗೆ ಬೇಸರವಾಯಿತು. ಇವರಿಗೆ ಹೇಳಿದರೆ ಜಗಳವಾದೀತೆಂದು ಸುಮ್ಮನಾದೆ.

ಮರುದಿನ ಮಧ್ಯಾಹ್ನ ಮಗುವಿಗೆ ಹಾಲು ಕೊಡುತ್ತ ಕೂತಿದ್ದೆ. ಬೆಳಗಿನಿಂದ ಮೈ ಸ್ವಲ್ಪ ಬೆಚ್ಚಗಿತ್ತು. ಇದ್ದಕ್ಕಿದ್ದಂತೆ ಕೆಳಗೆ ಬಿಸಿ. ಚಾಪೆಯ ಹೆಣಿಗೆಯ ಸಂದಿಗಳಲ್ಲಿ ಗೆರೆಗೆರೆಯಾಗಿ ಹರಿಯಿತು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಅಡುಗೆಮನೆಯಿಂದ ಅತ್ತೆ ಓಡಿ ಬಂದರು, ಮುಖ ಅರಳಿತ್ತು.

"ಬಿತ್ತಾ?"

ಆಮೇಲೆ ಚಾಪೆ ನೋಡಿದರು. ಆ ಮುಖ ನಂದಿಹೋದದ್ದನ್ನು ನಾನು ಬದುಕಿರುವವರೆಗೆ ಮರೆಯಲಾರೆ. ಮಗುವನ್ನು ನನ್ನ ತೋಳಿನಿಂದ ಕಿತ್ತುಕೊಂಡು, ಸೆರಗಿನ ತುದಿ ಬಾಯಿಗೆ ತುರುಕಿಕೊಂಡು, ಬೀದಿಗೆ ಓಡಿ ಆಟೋ ನಿಲ್ಲಿಸಿದವರು ಅವರೇ.

ಆಸ್ಪತ್ರೆಯಲ್ಲಿ ಸ್ಟ್ರೆಚರಿನ ಮೇಲಿದ್ದೆ. ಚಾವಣಿಯ ಫ್ಯಾನಿನ ಒಂದು ರೆಕ್ಕೆಗೆ ಜೇಡರ ಬಲೆ ಹಿಡಿದಿತ್ತು. ತಿರುಗುವಾಗ ಅದೊಂದು ಬೂದು ಬಳೆಯಾಗಿ ಕಾಣುತ್ತಿತ್ತು. ಡಾಕ್ಟರಮ್ಮ ಯಾವ ಮಾತ್ರೆ, ಏನು ತಿಂದದ್ದು ಎಂದು ಕೇಳುತ್ತಿದ್ದರು. ಅತ್ತೆ ಮುಂದೆ ಬಂದು ಕೈಮುಗಿದರು.

"ನಾನೇ ಕುಡಿಸ್ದೆ ತಾಯಿ. ಬಿದ್ರು ಸೊಪ್ಪಿನ ಕಷಾಯ. ಮನುಷ್ರು ಅಂಬದ್ನ ಮರ್ತು ದನ ಅಂದ್ಕಂಡ್ಬುಟ್ಟೆ."

ಡಾಕ್ಟರಮ್ಮ ಅವರ ಮುಗಿದ ಕೈಗಳನ್ನು ಕೆಳಗಿಳಿಸಿದರು. "ಅದರಿಂದ್ಲೇ ಅಂತ ಹೇಳಕ್ಕಾಗಲ್ಲಮ್ಮ. ಒಳಗೆ ಸೋಂಕು ಶುರುವಾಗಿದೆ. ಈಗ ಅಳಬೇಡಿ, ಮಗು ನೋಡ್ಕೊಳ್ಳಿ."

ಇವರು ಬಂದರು. ಒಂದು ಕಾಲಿಗೆ ಮಾತ್ರ ಶೂ ಲೇಸು ಕಟ್ಟಿತ್ತು. ರಂಗನ ಜೊತೆ ಹಾಗಲವಾಡಿಯ ಹುಡುಗರು ರಕ್ತ ಕೊಡಲು ಟೆಂಪೋದಲ್ಲಿ ಬಂದಿಳಿದರು. "ರಾಗಿ ಮುದ್ದೆ ರಕ್ತ ಕಣಕ್ಕೋ, ಗಟ್ಟಿಯಾಗಿರ್ತದೆ, ಎದ್ರಬ್ಯಾಡ!" ಎಂದು ಕೂಗಿದ ರಂಗ, ಸೂಜಿ ನೋಡಿದ್ದೇ ತಲೆ ಸುತ್ತಿ ನರ್ಸಿನ ಮೇಲೆ ಬಿದ್ದನಂತೆ. ಇದು ಆಮೇಲೆ ಕೇಳಿದ್ದು. ಆಗ ನನಗೆ ಕೈಕಾಲು ತಣ್ಣಗಾಗುತ್ತಿತ್ತು. ಯಾರೋ ಮಾನ್ಯಳನ್ನು ಸ್ಕೂಲಿನಿಂದ ನೇರ ಅಲ್ಲಿಗೇ ಕರೆತಂದಿದ್ದರು. ಅವಳು ಬ್ಯಾಗು ಬೆನ್ನಿಗೇ ಹಾಕಿಕೊಂಡು ದೂರದಲ್ಲಿ ನಿಂತಿದ್ದಳು. ಹತ್ತಿರ ಬಾ ಎಂದರೆ ಬರಲಿಲ್ಲ.

ಅಷ್ಟು ದಿನ ಬಾಯಿಗೆ ಬಾರದ ಮಾತು ಆಗ ಬಂತು. "ತೆಗೆದುಬಿಡಿ ಡಾಕ್ಟ್ರೇ. ನಂಗೆ ಮನೆಗೆ ಹೋಗ್ಬೇಕು."

ಅವರು ನನ್ನ ಹಣೆಯ ಮೇಲಿನ ಕೂದಲು ಸರಿಸಿದರು.

ಕಣ್ಣು ಬಿಟ್ಟಾಗ ಮರುದಿನದ ಸಂಜೆಯ ಬಿಸಿಲು. ಬಹಳ ದಿನದ ಮೇಲೆ ಮೋಡ ಹರಿದಿತ್ತು. ಪಕ್ಕದಲ್ಲಿ ಅಮ್ಮ, ಕುಣಿಗಲ್ಲಿನಿಂದ ಬಸ್ಸು ಹಿಡಿದು, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಬಂದಿದ್ದಳು. ನನ್ನ ಕೈ ಹೊಟ್ಟೆಯ ಬ್ಯಾಂಡೇಜಿನ ಮೇಲೆ ಹೋಯಿತು. ಅವಳೇ ಬಗ್ಗಿ, ಯಾರಿಗೂ ಕೇಳಿಸಬಾರದ ವಿಷಯವೆಂಬಂತೆ, "ಇದೆ ಕಣೇ" ಎಂದಳು.

ಆ ವಾರಗಳಲ್ಲಿ ರಕ್ತನಾಳಗಳು ಸೊರಗಿದ್ದವಂತೆ. ಅದರಿಂದಾಗಿ, ಮಾಸು ಅಂಟಿದ್ದ ಗೋಡೆಯ ತುಂಡನ್ನು ಅದರ ಸಮೇತ ಕತ್ತರಿಸಿ ತೆಗೆದು, ಉಳಿದದ್ದನ್ನು ಸೇರಿಸಿ ಹೊಲಿಯಲು ಸಾಧ್ಯವಾಯಿತು ಎಂದು ಡಾಕ್ಟರಮ್ಮ ಹೇಳಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಅದೂ ಆಗುತ್ತಿರಲಿಲ್ಲ. "ಆದ್ರೆ ಇನ್ನು ಬಸಿರು ಖಂಡಿತ ಬೇಡ. ಆ ಗೋಡೆ ತಡೆಯಲ್ಲ."

"ಬೇಡ" ಎಂದೆ.

ಅವರು ಹೋದ ಮೇಲೆ ಅಮ್ಮ ಗ್ಲಾಸಿನಲ್ಲಿ ಹಾರ್ಲಿಕ್ಸ್ ಕದಡುತ್ತ ಕೂತಿದ್ದಳು. ಕದಡಿ ಮುಗಿದಿದ್ದರೂ ಚಮಚ ನಿಲ್ಲಿಸಲಿಲ್ಲ. "ನಿನ್ನ ಎಷ್ಟ್ ಸಲ ಕೇಳಿದ್ರು ಅಲ್ವಾ ಅವ್ರು, ಬೇಕಾ ಬೇಡ್ವಾ ಅಂತ. ನನ್ನ ಯಾರೂ ಕೇಳೇ ಇರ್ಲಿಲ್ಲ ನೋಡು." ಅಷ್ಟೇ ಹೇಳಿದ್ದು. ಆಮೇಲೆ ಹಾರ್ಲಿಕ್ಸ್ ಆರಿಹೋಯಿತೆಂದು ನನ್ನನ್ನೇ ಗದರಿದಳು.

ಅತ್ತೆ ಎರಡು ದಿನ ವಾರ್ಡಿನ ಬಾಗಿಲು ದಾಟಲಿಲ್ಲ, ಹೊರಗಿನ ಬೆಂಚಿನಲ್ಲೇ ಮಗುವನ್ನಿಟ್ಟುಕೊಂಡಿದ್ದರು. ಮೂರನೆಯ ದಿನ ಒಳಗೆ ಬಂದು ಮಾಸನ್ನು ಕೇಳಿದರು. ತೋಟದ ತೆಂಗಿನ ಬುಡದಲ್ಲಿ ಹೂಳಬೇಕಿತ್ತಂತೆ, ನಾಯಿ ನರಿ ಮುಟ್ಟದ ಹಾಗೆ. ಪರೀಕ್ಷೆಗೆ ಹೋಗಿದೆ, ಕೊಡುವುದಿಲ್ಲ ಎಂದಳು ನರ್ಸು. ಅತ್ತೆ, "ಓಗ್ಲಿ ಬುಡು. ಬಿದ್ದಿದ್ದಂತೂ ನಿಜ" ಎಂದು, ಆಪರೇಷನ್ನಿನ ದಿನದಿಂದ ಬೆರಳು ಮಡಿಚಿ ಎಣಿಸಲು ಶುರುಮಾಡಿದರು. ಪುರುಡು ಕಳೆದು, ಮನೆ ತೊಳೆದು, ತೊಟ್ಟಿಲು ಕಟ್ಟಿ ಅವನಿಗೆ ಹೆಸರಿಟ್ಟದ್ದು ಅವರ ಆ ಲೆಕ್ಕದಲ್ಲೇ. ಇವತ್ತಿಗೂ ನಿಶಾಂತನಿಗೆ ಎರಡು ಹುಟ್ಟುಹಬ್ಬ. ಒಂದಕ್ಕೆ ನಾವು ಕೇಕು ತರುತ್ತೇವೆ. ಇನ್ನೊಂದಕ್ಕೆ ಅಜ್ಜಿ ಕಡಬದಿಂದ ಒಬ್ಬಟ್ಟು ಕಳಿಸುತ್ತಾರೆ. ಅವನಿಗೆ ಖುಷಿ. ಯಾಕೆ ಎರಡು ಎಂದು ಇನ್ನೂ ಕೇಳಿಲ್ಲ.

ಮತ್ತೆ ಮುಟ್ಟಾದದ್ದು ಬಹಳ ತಿಂಗಳ ಮೇಲೆ. ಬಚ್ಚಲಿನಲ್ಲಿ ಕೆಂಪು ಕಂಡದ್ದೇ ಗೋಡೆ ಹಿಡಿದು ಕುಸಿದೆ. ಇವರು ಬಾಗಿಲು ಬಡಿಯುತ್ತ, "ವೀಣಾ, ವೀಣಾ" ಎಂದು ಕೂಗುತ್ತಿದ್ದರು. ಇದು ಆ ರಕ್ತವಲ್ಲ, ತಿಂಗಳದ್ದು ಎಂದು ಗೊತ್ತಾಗಿ, ನಲ್ಲಿ ತಿರುಗಿಸಿ ನೀರಿನ ಸದ್ದಿನಲ್ಲಿ ಅತ್ತುಬಿಟ್ಟೆ. ಇವತ್ತಿಗೂ ಪ್ರತಿ ತಿಂಗಳು ಮೊದಲ ಗಳಿಗೆಯಲ್ಲಿ ಎದೆ ಧಸಕ್ಕೆನ್ನುತ್ತದೆ. ಆ ಮೇಲೆ ಒಂದು ಸಮಾಧಾನ. ಅದನ್ನು ಯಾರಿಗಾದರೂ ಹೇಳಿದರೆ ಹುಚ್ಚೆಂದಾರು.

ಸಂಜೆ ಮಕ್ಕಳಿಗೆ ಹಾಲು ಕೊಟ್ಟು, ಮಗುವಿಗೆಂದು ತಂದಿಟ್ಟಿದ್ದ ಕುಲಾವಿ, ಅಂಗಿ ಹಿಡಿದು ಎದುರು ಮನೆಗೆ ಹೋದೆ. ಗಿರಿಜಕ್ಕ ಈ ಬೀದಿಗೆ ಬಂದು ಎರಡು ವರ್ಷವಾಗಿರಬಹುದು, ನನ್ನ ಆ ಮಳೆಗಾಲ ಅವರಿಗೆ ಗೊತ್ತಿಲ್ಲ. ಪಡಸಾಲೆಯಲ್ಲಿ ಕಾಲು ಚಾಚಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ಒಳಗೆ ಮಗು ಸಣ್ಣಗೆ ಅಳುತ್ತಿತ್ತು.

"ಬನ್ನಿ ಬನ್ನಿ ವೀಣಾ, ಒಳಗೆ ಹೋಗಿ ಎತ್ಕೊಳ್ಳಿ. ಅವ್ರಜ್ಜಿ ಹಂಗೇ ಐತೆ ಮೂಗು, ಹಾಳಾದ್ದು."

"ಇಲ್ಲ ಗಿರಿಜಕ್ಕ, ಮಧ್ಯಾಹ್ನ ಹೊರಗಾದೆ. ಹಸಿ ಬಾಣಂತಿ ಮನೆ, ಇನ್ನೊಂದಿನ ಬರ್ತೀನಿ. ಇದನ್ನ ಕೊಟ್ಟುಬಿಡಿ ಅವಳಿಗೆ."

ಗಿರಿಜಕ್ಕ ಅಂಗಿ ಬಿಡಿಸಿ ನೋಡಿ, ಚೆನ್ನಾಗಿದೆ ಎಂದು ತಲೆಯಾಡಿಸಿ, ತೊಡೆಯ ಮೇಲಿಟ್ಟುಕೊಂಡು ಮತ್ತೆ ಸೊಪ್ಪಿಗೆ ಕೈ ಹಾಕಿದರು.

"ಅಯ್ಯೋ, ನಿಮ್ಗಿನ್ನೂ ಆ ರಗಳೆ ಇದೆಯಾ? ಎರಡು ಮಕ್ಕಳಾದ್ವಲ್ಲ, ತೆಗೆಸಿ ಬಿಸಾಕ್ಬಾರ್ದೇನ್ರೀ, ಅದನ್ನಿಟ್ಕೊಂಡು ಏನ್ಮಾಡ್ತೀರಾ?"